ನಕ್ಷತ್ರ ಗುಚ್ಛದ ದೂರ, ತೂಕ, ವಯಸ್ಸು: ಜೋಡಿ ನಕ್ಷತ್ರಗಳನ್ನ ಕೇಳದೆ ಯಾವುದೂ ಸರಿಯಾಗಿ ಗೊತ್ತಾಗಲ್ಲ

ಕೃತ್ತಿಕೆ ನಮ್ಮಿಂದ ಎಷ್ಟು ದೂರ ಇದೆ? ಬರಿಗಣ್ಣಿಗೆ ಕಾಣೋ ಗೊಂಚಲು ಅದು, ಚಳಿಗಾಲದ ರಾತ್ರಿ ತಲೆ ಎತ್ತಿದ್ರೆ ಯಾರಿಗಾದ್ರೂ ಸಿಗುತ್ತೆ. ಆದ್ರೂ ಅದರ ದೂರದ ಬಗ್ಗೆ ಖಗೋಳ ವಿಜ್ಞಾನಿಗಳ ನಡುವೆ 1997ರಿಂದ ಶುರುವಾಗಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ತಕರಾರು ನಡೀತು. ಯುರೋಪಿನ ಹಿಪಾರ್ಕಸ್ ಉಪಗ್ರಹ 1989ರಲ್ಲಿ ಮೇಲೆ ಹೋಗಿ ಲಕ್ಷಕ್ಕೂ ಮೇಲ್ಪಟ್ಟು ನಕ್ಷತ್ರಗಳ ಸ್ಥಾನಗಳನ್ನ ಅದುವರೆಗೂ ಯಾರೂ ಅಳೆದಿರದಷ್ಟು ನಿಖರವಾಗಿ ಅಳೀತು. ಅದರ ಲೆಕ್ಕದಲ್ಲಿ ಕೃತ್ತಿಕೆ ಸುಮಾರು 385 ಜ್ಯೋತಿರ್ವರ್ಷ ದೂರ. ಅದಕ್ಕೂ ಮುಂಚೆ ನಕ್ಷತ್ರಗಳ ಬಣ್ಣ ಮತ್ತು ಹೊಳಪು ನೋಡಿ ಹಾಕಿದ್ದ ಲೆಕ್ಕ 430ರ ಆಸುಪಾಸು ಬರ್ತಿತ್ತು.

ಐವತ್ತು ಜ್ಯೋತಿರ್ವರ್ಷ ಆಚೆ ಈಚೆ ಆದ್ರೆ ಏನಂತೆ ಅನ್ನಿಸಬಹುದು, ಆದ್ರೆ ದೂರದಲ್ಲಿ ಶೇಕಡ 12-13ರಷ್ಟು ತಪ್ಪು ಅಂದ್ರೆ ಹೊಳಪಿನ ಲೆಕ್ಕದಲ್ಲಿ ಕಾಲು ಭಾಗದಷ್ಟು ತಪ್ಪು, ಯಾಕಂದ್ರೆ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಮ್ಮಿ ಆಗ್ತಾ ಹೋಗುತ್ತೆ. ಹಿಪಾರ್ಕಸ್ ಹೇಳಿದ್ದೇ ಸರಿ ಅಂತಾದ್ರೆ ಕೃತ್ತಿಕೆಯ ನಕ್ಷತ್ರಗಳು ಅದೇ ಬಣ್ಣದ ಬೇರೆ ನಕ್ಷತ್ರಗಳಿಗಿಂತ ಮಂಕು ಅಂತಾಯ್ತು, ಅಂದ್ರೆ ನಕ್ಷತ್ರ ಹೇಗೆ ಉರಿಯುತ್ತೆ ಅಂತ ಅರ್ಧ ಶತಮಾನದಿಂದ ಕಟ್ಟಿಕೊಂಡು ಬಂದ ಥಿಯರೀಲೇ ಎಲ್ಲೋ ತೂತಿದೆ ಅಂತಾಯ್ತು. ಕೃತ್ತಿಕೆಯನ್ನ ಅಳತೆಗೋಲು ಮಾಡ್ಕೊಂಡು ಅದಕ್ಕಿಂತ ದೂರದ ಗುಚ್ಛಗಳನ್ನ ಅಳೆದಿದ್ರಲ್ಲ, ಆ ಅಳತೆಗಳೆಲ್ಲ ಅಲ್ಲಾಡಿ ಹೋಗ್ತವೆ.

ಈ ತಕರಾರಿನ ದಿಕ್ಕು ಬದಲಿಸಿದ್ದು ಆ ಗುಂಪಿನ ಒಳಗೇ ಇದ್ದ ಒಂದು ಜೋಡಿ ನಕ್ಷತ್ರ, ಹೆಸರು ಅಟ್ಲಾಸ್. ಕಣ್ಣಿಗೆ ಒಂದೇ ಚುಕ್ಕೆ, ಆದ್ರೆ ಅಲ್ಲಿರೋದು ಎರಡು ನಕ್ಷತ್ರ, ಸುಮಾರು 291 ದಿನಕ್ಕೊಂದು ಸಲ ಒಂದನ್ನೊಂದು ಸುತ್ತುತ್ತವೆ. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಮೇಲೆ ಇದ್ದ ಇಂಟರ್‌ಫೆರೋಮೀಟರ್‌ನಿಂದ, ಅಂದ್ರೆ ದೂರ ದೂರ ಇಟ್ಟ ಚಿಕ್ಕ ದೂರದರ್ಶಕಗಳ ಬೆಳಕನ್ನ ಸೇರಿಸಿ ಒಂದೇ ದೊಡ್ಡ ದೂರದರ್ಶಕದ ಹಾಗೆ ಬಳಸೋ ಏರ್ಪಾಡಿನಿಂದ, ಆ ಎರಡು ಚುಕ್ಕೆಗಳನ್ನ ಬಿಡಿಸಿ ನೋಡಿ ಅವುಗಳ ಕಕ್ಷೆಯನ್ನೇ ಬರೆದ್ರು. ಒಂದು ಡಿಗ್ರಿಯನ್ನ 36 ಲಕ್ಷ ಭಾಗ ಮಾಡಿದ್ರೆ ಅದರಲ್ಲಿ ಸುಮಾರು 13 ಭಾಗ, ಅಷ್ಟೇ ಆ ಕಕ್ಷೆಯ ಅರ್ಧ ಅಗಲ. 2004ರಲ್ಲಿ ನೇಚರ್ ಪತ್ರಿಕೇಲಿ ಇದು ಬಂತು, ಬರೆದವರು ಪಾನ್, ಶಾವ್ ಮತ್ತು ಕುಲಕರ್ಣಿ. ಈ ಕುಲಕರ್ಣಿ ಅಂದ್ರೆ ಹುಬ್ಬಳ್ಳಿಯಲ್ಲಿ ಬೆಳೆದು ಅಲ್ಲೇ ಶಾಲೆ ಕಲಿತ, ಆಮೇಲೆ ಕ್ಯಾಲ್‌ಟೆಕ್‌ನಲ್ಲಿ ಪ್ರೊಫೆಸರ್ ಆದ ಶ್ರೀನಿವಾಸ ಕುಲಕರ್ಣಿ. ಅವರ ಉತ್ತರ 133ರಿಂದ 137 ಪಾರ್ಸೆಕ್, ಅಂದ್ರೆ 434ರಿಂದ 447 ಜ್ಯೋತಿರ್ವರ್ಷ.

ಇದರ ಹಿಂದಿನ ಲೆಕ್ಕ ನಿಜವಾಗ್ಲೂ ಚೆನ್ನಾಗಿದೆ, ಸ್ವಲ್ಪ ನಿಧಾನವಾಗಿ ನೋಡೋಣ. ಕಕ್ಷೆ ಆಕಾಶದಲ್ಲಿ ಎಷ್ಟು ಅಗಲ ಕಾಣುತ್ತೆ ಅಂತ ಗೊತ್ತು, ಒಂದು ಸುತ್ತಿಗೆ ಎಷ್ಟು ದಿನ ಅಂತಲೂ ಗೊತ್ತು. ಆ ಎರಡೂ ನಕ್ಷತ್ರ ಸೇರಿ ಎಷ್ಟು ತೂಕ ಅಂತ ಗೊತ್ತಾಗಿಬಿಟ್ರೆ, ಕೆಪ್ಲರ್ ನಿಯಮದಿಂದ ಕಕ್ಷೆಯ ನಿಜವಾದ ಅಗಲ ಕಿಲೋಮೀಟರ್‌ನಲ್ಲೇ ಸಿಗುತ್ತೆ. ನಿಜವಾದ ಅಗಲ ಇಷ್ಟು, ಕಾಣೋ ಅಗಲ ಇಷ್ಟು, ಹಾಗಾದ್ರೆ ಎಷ್ಟು ದೂರದಲ್ಲಿದ್ರೆ ಹಾಗೆ ಕಾಣುತ್ತೆ ಅನ್ನೋದು ಹೈಸ್ಕೂಲ್ ತ್ರಿಕೋನಮಿತಿ. ಮೊದಲ ಪೇಪರ್‌ನಲ್ಲಿ ತೂಕವನ್ನ ಹೊಳಪಿನಿಂದ ಅಂದಾಜು ಮಾಡಿದ್ರು, ಅದೇ ವರ್ಷ ಇನ್ನೊಂದು ತಂಡ ಆ ನಕ್ಷತ್ರಗಳ ವೇಗವನ್ನೂ, ಬೆಳಕನ್ನ ಬಣ್ಣಗಳಾಗಿ ಬಿಡಿಸಿದಾಗ ಸಿಗೋ ಸ್ಪೆಕ್ಟ್ರಮ್‌ನಿಂದ ಅಳೆದು ಆ ಅಂದಾಜಿನ ಹಂಗೂ ಇಲ್ಲದೆ 132 ಪಾರ್ಸೆಕ್ ಅಂತ ತೆಗೀತು, ಮತ್ತೊಂದು ತಂಡ ಅದೇ ಕೃತ್ತಿಕೆಯ ಬೇರೊಂದು ಜೋಡಿ, ಒಂದಕ್ಕೊಂದು ಗ್ರಹಣ ಹಿಡಿಸೋ ಎಚ್‌ಡಿ 23642 ಅನ್ನೋದನ್ನ ಇಟ್ಕೊಂಡು ಅಷ್ಟೇ ಉತ್ತರಕ್ಕೆ ಬಂತು. 2014ರಲ್ಲಿ ರೇಡಿಯೊ ದೂರದರ್ಶಕಗಳ ಜಾಲ ನೇರವಾಗಿ ಅಳೆದಾಗ 136.2 ಪಾರ್ಸೆಕ್ ಬಂತು, ಆಮೇಲೆ ಗಾಯಾ ಉಪಗ್ರಹದ ಅಳತೆಯೂ ಅಲ್ಲೇ ಬಂದು ನಿಂತಿತು. ಹಿಪಾರ್ಕಸ್‌ನ ಅಷ್ಟು ದೊಡ್ಡ ಪಟ್ಟಿ ಈ ಒಂದು ಗುಚ್ಛದ ವಿಷಯದಲ್ಲಿ ಜಾರಿತ್ತು, ಅದನ್ನ ಹಿಡಿದು ತೋರಿಸಿದ್ದು ಒಂದೆರಡು ಜೋಡಿಗಳು.

ನಕ್ಷತ್ರ ಗುಚ್ಛಗಳ ಬಗ್ಗೆ ಓದೋವಾಗ ಸಾಮಾನ್ಯವಾಗಿ ಜೋಡಿಗಳು ಕೊನೆ ಪ್ಯಾರಾದಲ್ಲಿ ಬರ್ತವೆ. ನನ್ನ ಪ್ರಕಾರ ಅದು ಉಲ್ಟಾ ಆಗಬೇಕು, ಗುಚ್ಛದ ಬಗ್ಗೆ ನಮಗೆ ಗೊತ್ತಿರೋ ದೂರ, ತೂಕ, ವಯಸ್ಸು ಮೂರಕ್ಕೂ ಅವುಗಳ ಕೈ ತಾಗಿದೆ, ಗಮನ ಕೊಡದೆ ಬಿಟ್ರೆ ಮೂರೂ ಕೆಡ್ತವೆ.

ಯಾಕೆ ಅಂತ ನೋಡೋಣ. ಗುಚ್ಛ ಅಂದ್ರೆ ಒಂದೇ ಅನಿಲದ ಮೋಡದಿಂದ ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ ಹುಟ್ಟಿದ ನಕ್ಷತ್ರಗಳು. ವಯಸ್ಸು ಒಂದೇ, ದೂರ ಒಂದೇ, ರಾಸಾಯನಿಕ ಮಿಶ್ರಣವೂ ಬಹುಪಾಲು ಒಂದೇ, ಬೇರೆ ಇರೋದು ದ್ರವ್ಯರಾಶಿ ಮಾತ್ರ. ಹಾಗಾಗಿ ತೂಕ ಬದಲಾದ್ರೆ ನಕ್ಷತ್ರದ ಬದುಕು ಹೇಗೆ ಬದಲಾಗುತ್ತೆ ಅಂತ ತಿಳ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಪ್ರಯೋಗಶಾಲೆ ಇಲ್ಲ. ಆದ್ರೆ ಆ ತೂಕಾನೇ ನೇರವಾಗಿ ಕಾಣಲ್ಲ. ಒಂಟಿ ನಕ್ಷತ್ರ ಬೆಳಕು ಕೊಡುತ್ತೆ, ಬಣ್ಣ ಕೊಡುತ್ತೆ, ಸ್ಪೆಕ್ಟ್ರಮ್ ಕೊಡುತ್ತೆ, ತೂಕ ಕೊಡಲ್ಲ. ಇನ್ನೊಂದು ಕಾಯ ಅದರ ಸುತ್ತ ಸುತ್ತುತ್ತಾ ಇದ್ರೆ ಆಗ ಗುರುತ್ವದ ಮೂಲಕ ತೂಕ ಬಾಯಿ ಬಿಡುತ್ತೆ. ಗುಚ್ಛ ಉಳಿದದ್ದನ್ನೆಲ್ಲ ಸಮ ಮಾಡಿ ಕೊಡುತ್ತೆ, ಜೋಡಿ ತೂಕ ಕೊಡುತ್ತೆ, ಎರಡೂ ಒಂದೇ ಕಡೆ ಸಿಕ್ಕರೆ ಹಬ್ಬ.

ಈ ಎರಡರ ನಂಟು ಬಹಳ ಹಳೇದು. 1767ರಲ್ಲಿ ಇಂಗ್ಲೆಂಡಿನ ಜಾನ್ ಮಿಷೆಲ್ ಅನ್ನೋ ಪಾದ್ರಿ, ದೊಡ್ಡ ವಿಜ್ಞಾನಿಯೂ ಹೌದು, ಒಂದೇ ಲೇಖನದಲ್ಲಿ ಎರಡು ಲೆಕ್ಕ ಹಾಕಿದ. ಆಕಾಶದಲ್ಲಿ ನಕ್ಷತ್ರಗಳನ್ನ ಸುಮ್ಮನೆ ಚೆಲ್ಲಿದ್ರೆ ಇಷ್ಟೊಂದು ಜೋಡಿಗಳು ಅಕ್ಕಪಕ್ಕ ಬೀಳೋ ಸಾಧ್ಯತೆ ಎಷ್ಟು, ಕೃತ್ತಿಕೆ ಥರ ಗೊಂಚಲು ಬೀಳೋ ಸಾಧ್ಯತೆ ಎಷ್ಟು ಅಂತ. ಕೃತ್ತಿಕೆಗೆ ಬಂದ ಉತ್ತರ ಸುಮಾರು ಐದು ಲಕ್ಷಕ್ಕೆ ಒಂದು. ಅಂದ್ರೆ ಇವು ನಿಜವಾಗ್ಲೂ ಒಟ್ಟಿಗೇ ಇರೋವು, ಕಣ್ಣಿನ ಭ್ರಮೆ ಅಲ್ಲ. ವಿಲಿಯಂ ಹರ್ಷೆಲ್ ವರ್ಷಗಟ್ಟಲೆ ನೋಡಿ ಜೋಡಿಗಳು ಒಂದನ್ನೊಂದು ಸುತ್ತುತ್ತವೆ ಅಂತ ಕಣ್ಣಾರೆ ತೋರಿಸಿದ್ದು 1803ರಲ್ಲಿ, ಮಿಷೆಲ್ ಹೇಳಿದ ಮೂವತ್ತಾರು ವರ್ಷದ ಮೇಲೆ.

ಹರ್ಷೆಲ್ ಥರ ಬಿಡಿಸಿ ನೋಡಬಹುದಾದ ಜೋಡಿಗಳು ಕಮ್ಮಿ. ಮದುವೇಲಿ ತೋರಿಸ್ತಾರಲ್ಲ ವಸಿಷ್ಠ ಅರುಂಧತಿ, ಆ ವಸಿಷ್ಠ ದೂರದರ್ಶಕದಲ್ಲಿ ಎರಡಾಗಿ ಕಾಣುತ್ತೆ, ಅದರಲ್ಲಿ ಪ್ರಕಾಶಮಾನವಾದ ಚುಕ್ಕೆ ಯಾವ ದೂರದರ್ಶಕದಲ್ಲೂ ಒಂದಾಗೇ ಇತ್ತು. 1889ರಲ್ಲಿ ಹಾರ್ವರ್ಡ್‌ನ ಪಿಕರಿಂಗ್ ಅದರ ಸ್ಪೆಕ್ಟ್ರಮ್ ಗೆರೆಗಳು ಕೆಲವು ದಿನ ಒಂದಾಗಿ ಕೆಲವು ದಿನ ಎರಡಾಗಿ ಒಡೆದು ಕಾಣೋದನ್ನ ಹೇಳಿದ್ರು. ಒಂದು ನಮ್ಮ ಕಡೆ ಬರ್ತಿದೆ, ಇನ್ನೊಂದು ದೂರ ಹೋಗ್ತಿದೆ, ಅದಕ್ಕೆ ಗೆರೆ ಎರಡಾಗುತ್ತೆ. ಹೀಗೆ ಸ್ಪೆಕ್ಟ್ರಮ್‌ನಿಂದ ಪತ್ತೆಯಾದ ಮೊದಲ ಜೋಡಿ ಅದು. ಸಪ್ತರ್ಷಿ ಮಂಡಲದ ಏಳರಲ್ಲಿ ಐದು ನಕ್ಷತ್ರ ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಹೋಗ್ತಿರೋ, ಕಟ್ಟು ಸಡಿಲವಾದ ಹಳೇ ಗುಂಪಿನವು, ವಸಿಷ್ಠ ಅರುಂಧತಿ ಎರಡೂ ಅದರಲ್ಲಿವೆ.

ಸ್ಪೆಕ್ಟ್ರಮ್ ಜೊತೆಗೆ ಗ್ರಹಣವೂ ಸೇರಿದ್ರೆ, ಅಂದ್ರೆ ಜೋಡಿಯ ಕಕ್ಷೆ ನಮಗೆ ಅಂಚಿನಿಂದ ಕಾಣ್ತಾ ಒಂದು ಇನ್ನೊಂದನ್ನ ಮರೆ ಮಾಡ್ತಿದ್ರೆ, ತೂಕದ ಜೊತೆ ಎರಡರ ವ್ಯಾಸವೂ ಸಿಗುತ್ತೆ. ತೂಕದಲ್ಲಿ ಶೇಕಡ ಒಂದಕ್ಕಿಂತ ಕಮ್ಮಿ ತಪ್ಪು. ಬೇರೆ ಯಾವ ವಿಧಾನಕ್ಕೂ ಅಷ್ಟು ಸುಲಭಕ್ಕೆ ಇಷ್ಟು ನಿಖರತೆ ಬರಲ್ಲ.

ಇದರ ಪೂರ್ತಿ ಲಾಭ ನೋಡೋಕೆ ಎನ್‌ಜಿಸಿ 6791 ಅನ್ನೋ ಗುಚ್ಛಕ್ಕೆ ಹೋಗೋಣ. ವೀಣಾ ನಕ್ಷತ್ರಪುಂಜದ ದಿಕ್ಕಿನಲ್ಲಿ ಸುಮಾರು 13,000 ಜ್ಯೋತಿರ್ವರ್ಷ ದೂರ. ವಿಚಿತ್ರ ಗುಚ್ಛ ಇದು, ಬಹಳ ಮುದಿ ಆದ್ರೂ ಭಾರದ ಧಾತುಗಳು ಸೂರ್ಯನಿಗಿಂತ ಜಾಸ್ತಿ ಇವೆ. ಗುಚ್ಛದ ವಯಸ್ಸು ಹೇಳೋಕೆ ಮಾಮೂಲಿ ದಾರಿ ಏನಂದ್ರೆ, ದೊಡ್ಡ ನಕ್ಷತ್ರ ಬೇಗ ಇಂಧನ ಮುಗಿಸಿ ಉಬ್ಬಿ ಕೆಂಪು ದೈತ್ಯ ಆಗುತ್ತೆ, ಚಿಕ್ಕದು ನಿಧಾನಕ್ಕೆ, ಸೋ ಈಗ ಯಾವ ತೂಕದ ನಕ್ಷತ್ರಗಳು ಉಬ್ಬೋಕೆ ಶುರು ಮಾಡಿವೆ ಅಂತ ನೋಡಿದ್ರೆ ವಯಸ್ಸು ಗೊತ್ತಾಗುತ್ತೆ. ಇನ್ನೊಂದು ದಾರಿ, ಆಗಲೇ ಸತ್ತು ಶ್ವೇತ ಕುಬ್ಜ ಆಗಿರೋ ನಕ್ಷತ್ರಗಳು ಎಷ್ಟು ತಣ್ಣಗಾಗಿವೆ ಅಂತ ನೋಡೋದು. ಎರಡೂ ಗಡಿಯಾರ ಒಂದೇ ಟೈಮ್ ತೋರಿಸಬೇಕು ಅಲ್ವಾ. ಹಬಲ್ ದೂರದರ್ಶಕದಿಂದ 2005ರಲ್ಲಿ ನೋಡಿದಾಗ ಇಲ್ಲಿ ಶ್ವೇತ ಕುಬ್ಜಗಳ ಲೆಕ್ಕ ಬರೀ 240 ಕೋಟಿ ವರ್ಷ ಅಂತು, ಉಬ್ಬೋ ನಕ್ಷತ್ರಗಳ ಲೆಕ್ಕ 800 ಕೋಟಿ ಅಂತು. ಮೂರು ಪಟ್ಟಿಗೂ ಜಾಸ್ತಿ ವ್ಯತ್ಯಾಸ.

ಇನ್ನೂ ಆಳಕ್ಕೆ ಫೋಟೋ ತೆಗೆದಾಗ, 2008ರ ಹೊತ್ತಿಗೆ, ಶ್ವೇತ ಕುಬ್ಜಗಳು ಒಂದೇ ಹೊಳಪಿನಲ್ಲಿ ಗುಡ್ಡೆ ಬೀಳದೆ ಎರಡು ಕಡೆ ಗುಡ್ಡೆ ಬಿದ್ದಿರೋದು ಗೊತ್ತಾಯ್ತು, ಒಂದು ಸ್ವಲ್ಪ ಹೊಳೆಯೋದು, ಇನ್ನೊಂದು ಮಂಕು. ಎರಡರ ನಡುವಿನ ಅಂತರ ಸುಮಾರು 0.75 ಮ್ಯಾಗ್ನಿಟ್ಯೂಡ್ (ನಕ್ಷತ್ರದ ಹೊಳಪು ಅಳೆಯೋ ಮಾನ ಇದು). ಜೋಡಿಗಳ ಮೇಲೆ ಕೆಲಸ ಮಾಡೋರಿಗೆ ಈ 0.75 ಚಿರಪರಿಚಿತ ಸಂಖ್ಯೆ, ಯಾಕಂದ್ರೆ ಒಂದೇ ಥರದ ಎರಡು ನಕ್ಷತ್ರ ಒಂದೇ ಚುಕ್ಕೆಯಾಗಿ ಕಂಡ್ರೆ ಬೆಳಕು ಸರಿಯಾಗಿ ಎರಡು ಪಟ್ಟು ಆಗುತ್ತೆ, ಎರಡು ಪಟ್ಟು ಬೆಳಕು ಅಂದ್ರೆ ಅಷ್ಟೇ ಮ್ಯಾಗ್ನಿಟ್ಯೂಡ್. ಅಂದ್ರೆ ಹೊಳೆಯೋ ಗುಡ್ಡೆಯಲ್ಲಿ ಇರೋದು ಕಮ್ಮಿ ವಯಸ್ಸಿನ ಕುಬ್ಜಗಳಲ್ಲ, ಅವು ಜೋಡಿ ಶ್ವೇತ ಕುಬ್ಜಗಳು ಅನ್ನೋ ವಿವರಣೆ ಬಂತು. 240 ಕೋಟಿ ಅನ್ನೋ ಲೆಕ್ಕ ಆ ಹೊಳೆಯೋ ಗುಡ್ಡೆಯನ್ನ ನಂಬಿ ಹಾಕಿದ್ದಾಗಿತ್ತು.

ಮಂಕು ಗುಡ್ಡೆಯಿಂದ ಲೆಕ್ಕ ಹಾಕಿದ್ರೂ 600 ಕೋಟಿಯೇ ಬರ್ತಿತ್ತು, ಇನ್ನೂ 200 ಕೋಟಿ ಕಮ್ಮಿ. ಆಗ ಮತ್ತೆ ಬಂದಿದ್ದು ಜೋಡಿಗಳೇ. ಅದೇ ಗುಚ್ಛದ ವಿ20 ಅನ್ನೋ ಗ್ರಹಣ ಜೋಡಿ, 14.5 ದಿನಕ್ಕೆ ಒಂದು ಸುತ್ತು, ಅದರ ದೊಡ್ಡ ನಕ್ಷತ್ರ ಸೂರ್ಯನ 1.09 ಪಟ್ಟು ತೂಕ, ಚಿಕ್ಕದು 0.83 ಪಟ್ಟು, ಮೂರನೇ ದಶಮಾಂಶ ಸ್ಥಾನದವರೆಗೂ ಹಿಡಿತ ಸಿಕ್ಕಿದೆ. ಆ ದೊಡ್ಡ ನಕ್ಷತ್ರ ಈಗಾಗಲೇ ಸೂರ್ಯನ 1.4 ಪಟ್ಟು ಅಗಲಕ್ಕೆ ಉಬ್ಬಿದೆ. ಇಷ್ಟು ತೂಕದ ನಕ್ಷತ್ರ ಇಷ್ಟು ಉಬ್ಬೋಕೆ ಎಷ್ಟು ವರ್ಷ ಬೇಕು ಅನ್ನೋ ಪ್ರಶ್ನೆಗೆ ದೂರದ ತಪ್ಪೂ ತಾಗಲ್ಲ, ನಡುವಿನ ಧೂಳಿನ ಕಾಟವೂ ಇಲ್ಲ, ಉತ್ತರ ನೇರ, 800 ಕೋಟಿ ವರ್ಷಕ್ಕೆ ಸ್ವಲ್ಪ ಮೇಲೆ. ಹಾಗಾದ್ರೆ ಕೆಟ್ಟಿರೋ ಗಡಿಯಾರ ಶ್ವೇತ ಕುಬ್ಜದ್ದೇ ಅಂತ ಖಾತ್ರಿ ಆಯ್ತು. ಕೊನೆಗೆ 2010ರಲ್ಲಿ ಇನ್ನೊಂದು ತಂಡ ಶ್ವೇತ ಕುಬ್ಜದ ಒಳಗೆ ನಿಯಾನ್-22 ನಿಧಾನಕ್ಕೆ ಕೇಂದ್ರದ ಕಡೆ ಇಳೀತಾ ಶಾಖ ಬಿಡುತ್ತೆ, ಅದರಿಂದ ತಣ್ಣಗಾಗೋದು ತಡ ಆಗುತ್ತೆ ಅಂತ ಲೆಕ್ಕ ಹಾಕಿ ತೋರಿಸಿದಾಗ ಎರಡೂ ಗಡಿಯಾರ 800 ಕೋಟಿಗೆ ಕೂಡಿದ್ವು. ಒಂದು ಗುಚ್ಛದ ಒಳಗೆ ಜೋಡಿಗಳು ಎರಡು ಪಾತ್ರ ಮಾಡಿವೆ, ಒಂದು ಕಡೆ ದಾರಿ ತಪ್ಪಿಸಿದ್ದು ಅವೇ, ಇನ್ನೊಂದು ಕಡೆ ದಾರಿ ತೋರಿಸಿದ್ದೂ ಅವೇ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾಗೋ ಕಥೆ ಇದು.

ಆ 0.75 ಬರೀ ಶ್ವೇತ ಕುಬ್ಜಗಳಲ್ಲಿ ಅಲ್ಲ, ಯಾವ ಗುಚ್ಛದ ಬಣ್ಣ-ಹೊಳಪಿನ ಗ್ರಾಫ್ ತೆಗೆದ್ರೂ ಕಾಣುತ್ತೆ. ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಹೊಳಪು ಹಾಕಿ ಪ್ರತಿ ನಕ್ಷತ್ರಕ್ಕೂ ಒಂದು ಚುಕ್ಕೆ ಇಟ್ರೆ ಮಾಮೂಲಿ ನಕ್ಷತ್ರಗಳೆಲ್ಲ ಒಂದು ಓರೆ ಗೆರೆ ಮೇಲೆ ಬೀಳ್ತವೆ, ಅದರ ಸ್ವಲ್ಪ ಮೇಲೆ ನೆರಳಿನ ಹಾಗೆ ಇನ್ನೊಂದು ತೆಳು ಗೆರೆ, ಅದು ಸಮ ತೂಕದ ಜೋಡಿಗಳದ್ದು. ಎರಡು ಗೆರೆಗಳ ಮಧ್ಯೆ ಇರೋವು ತೂಕ ಸಮ ಇಲ್ಲದ ಜೋಡಿಗಳು. ಇದನ್ನ ಎಣಿಸಿದ್ರೆ ಆ ಗುಚ್ಛದಲ್ಲಿ ಜೋಡಿಗಳು ಎಷ್ಟು ಅಂತ ಕನಿಷ್ಠ ಅಂದಾಜು ಸಿಗುತ್ತೆ. ನಮ್ಮ ಸುತ್ತಮುತ್ತಲಿನ ಸೂರ್ಯನಂಥ ನಕ್ಷತ್ರಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಜೊತೆಗಾರ ಇದೆ. ಕೃತ್ತಿಕೆ ಥರದ ಸಡಿಲ ಗುಚ್ಛಗಳಲ್ಲೂ ಜೋಡಿಗಳು ಧಾರಾಳ. ಲಕ್ಷಗಟ್ಟಲೆ ನಕ್ಷತ್ರ ಉಂಡೆ ಕಟ್ಟಿರೋ ಗೋಳಾಕಾರದ ಮುದಿ ಗುಚ್ಛಗಳಲ್ಲಿ ಮಾತ್ರ ಬಹಳ ಕಮ್ಮಿ, ಎನ್‌ಜಿಸಿ 3201ರಲ್ಲಿ ಶೇಕಡ 7ರ ಹತ್ತಿರ ಅಷ್ಟೇ. ಯಾಕೆ ಕಮ್ಮಿ ಅನ್ನೋದು ಮುಂದೆ ಬರುತ್ತೆ.

ಎಣಿಸದೆ ಬಿಟ್ರೆ ಆಗೋ ಎಡವಟ್ಟು ಎರಡು ಥರ, ಅದೂ ಒಂದಕ್ಕೊಂದು ವಿರುದ್ಧ ದಿಕ್ಕಿಗೆ. ಮೊದಲನೇದು, ಗುಚ್ಛ ಹಗುರ ಅಂತ ಅನ್ನಿಸೋದು. ನಕ್ಷತ್ರದ ತೂಕ ಸ್ವಲ್ಪ ಜಾಸ್ತಿ ಆದ್ರೂ ಹೊಳಪು ವಿಪರೀತ ಏರುತ್ತೆ, ಸೂರ್ಯನಂಥ ನಕ್ಷತ್ರಗಳಿಗೆ ಸುಮಾರು ನಾಲ್ಕನೇ ಘಾತದ ಲೆಕ್ಕದಲ್ಲಿ. ಹಾಗಾಗಿ ಎರಡು ಸೂರ್ಯ ಸೇರಿ ಒಂದು ಚುಕ್ಕೆಯಾಗಿ ಕಂಡಾಗ, ಎರಡು ಪಟ್ಟು ಬೆಳಕು ನೋಡಿ ಹೊಳಪಿನಿಂದ ಲೆಕ್ಕ ಹಾಕೋರು ಇದು 1.2 ಸೂರ್ಯನ ತೂಕದ ಒಂಟಿ ನಕ್ಷತ್ರ ಅಂತ ಬರ್ಕೋತಾರೆ. ನಿಜವಾದ ತೂಕ 2. ಅಷ್ಟು ಸೋರಿ ಹೋಯ್ತು.

ಎರಡನೇದು, ಗುಚ್ಛ ತುಂಬಾ ಭಾರ ಅಂತ ಅನ್ನಿಸೋದು. ಗುಚ್ಛದ ಒಟ್ಟು ತೂಕ ತೆಗೆಯೋಕೆ ಇನ್ನೊಂದು ದಾರಿ ಒಳಗಿನ ನಕ್ಷತ್ರಗಳ ಓಡಾಟದ ವೇಗ ನೋಡೋದು, ವೇಗ ಜಾಸ್ತಿ ಇದ್ರೆ ಅವುಗಳನ್ನ ಹಿಡಿದಿಡೋಕೆ ತೂಕವೂ ಜಾಸ್ತಿ ಬೇಕು. ಸಡಿಲ ಗುಚ್ಛಗಳಲ್ಲಿ ಈ ವೇಗ ಸೆಕೆಂಡಿಗೆ ಒಂದು ಕಿಲೋಮೀಟರ್, ಕೆಲವು ಕಡೆ ಅದಕ್ಕೂ ಕಮ್ಮಿ. ಈಗ ಅದರೊಳಗೆ ಎರಡು ಸೂರ್ಯಗಳ ಒಂದು ಜೋಡಿ ಇದೆ, ನಡುವೆ ಭೂಮಿ-ಸೂರ್ಯರ ನಡುವಿನಷ್ಟು ದೂರ ಇದೆ ಅಂತ ಇಟ್ಕೊಳ್ಳಿ, ಲೆಕ್ಕ ಹಾಕಿ ನೋಡಿದ್ರೆ ಪ್ರತಿಯೊಂದೂ ಸೆಕೆಂಡಿಗೆ 21 ಕಿಲೋಮೀಟರ್ ವೇಗದಲ್ಲಿ ಸುತ್ತಬೇಕು. ಜಾತ್ರೇಲಿ ಜನ ನಡೆಯೋ ಸ್ಪೀಡ್ ಅಳೆಯೋಕೆ ಹೋಗಿ ತಿರುಗೋ ತೊಟ್ಟಿಲಲ್ಲಿ ಕೂತವರನ್ನೂ ಸೇರಿಸಿ ಸರಾಸರಿ ತೆಗೆದ ಹಾಗೆ ಆಗುತ್ತೆ. ಅಳೆದ ವೇಗ ನಿಜಕ್ಕಿಂತ ಎರಡು ಪಟ್ಟು ಬಂದ್ರೆ ತೂಕ ನಾಲ್ಕು ಪಟ್ಟು ಬರುತ್ತೆ, ಯಾಕಂದ್ರೆ ಅಲ್ಲಿ ವೇಗದ ವರ್ಗ ಇದೆ. ಆಗ ಕಾಣದ ದ್ರವ್ಯ ಏನೋ ಇದೆ ಅಂತ ಹುಡುಕೋಕೆ ಹೊರಡೋ ಅಪಾಯ ಇದೆ. ಇದಕ್ಕೆ ಶಾರ್ಟ್‌ಕಟ್ ಇಲ್ಲ. ಒಂದೇ ನಕ್ಷತ್ರವನ್ನ ವರ್ಷಗಟ್ಟಲೆ ಮತ್ತೆ ಮತ್ತೆ ನೋಡಿ, ವೇಗ ಬದಲಾಗ್ತಿದ್ರೆ ಅದು ಜೋಡಿ ಅಂತ ಪಕ್ಕಕ್ಕೆ ಇಡಬೇಕು. ಅಮೆರಿಕದ ಕಿಟ್ ಪೀಕ್‌ನಲ್ಲಿರೋ 3.5 ಮೀಟರ್‌ನ ವಿನ್ ದೂರದರ್ಶಕದಿಂದ ಎಂ67, ಎನ್‌ಜಿಸಿ 188 ಥರದ ಗುಚ್ಛಗಳಲ್ಲಿ ದಶಕಗಳಿಂದ ಮಾಡ್ತಾ ಬಂದಿರೋದು ಇದೇ ಕೆಲಸ. ಸುದ್ದಿ ಆಗಲ್ಲ ಇಂಥ ಕೆಲಸ, ಆದ್ರೆ ಮುಂದೆ ಹೇಳೋ ದೊಡ್ಡ ಒಗಟು ಬಿಡಿಸಿದ್ದು ಈ ತಾಳ್ಮೆಯೇ.

ಒಗಟು ಶುರುವಾಗಿದ್ದು 1953ರಲ್ಲಿ. ಅಲನ್ ಸ್ಯಾಂಡೇಜ್ ಎಂ3 ಅನ್ನೋ ಗೋಳ ಗುಚ್ಛದ ಗ್ರಾಫ್ ಮಾಡಿದಾಗ, ಇರಬಾರದ ಜಾಗದಲ್ಲಿ ಕೆಲವು ನಕ್ಷತ್ರ ಕಂಡ್ವು. ಆ ಗುಚ್ಛದ ವಯಸ್ಸಿಗೆ ಅಷ್ಟು ನೀಲಿ, ಅಷ್ಟು ಪ್ರಕಾಶದ ನಕ್ಷತ್ರಗಳೆಲ್ಲ ಯಾವತ್ತೋ ಸತ್ತಿರಬೇಕಿತ್ತು. ಎಲ್ಲರೂ ಮುದುಕರಾದ ಮೇಲೂ ಇವು ಯೌವನದಲ್ಲೇ ಉಳಿದಿವೆ. ಬ್ಲೂ ಸ್ಟ್ರಾಗ್ಲರ್ ಅಂತ ಹೆಸರು ಬಿತ್ತು. ಒಂದೇ ಕಾಲಕ್ಕೆ ಹುಟ್ಟಿದ್ದು ಅನ್ನೋ ಮೂಲ ನಂಬಿಕೆಗೇ ಇದು ಪೆಟ್ಟು ಕೊಡೋ ಹಾಗಿತ್ತು. 1964ರಲ್ಲಿ ಮೆಕ್‌ಕ್ರೇ ಒಂದು ದಾರಿ ಸೂಚಿಸಿದ್ರು, ಇವು ಜೋಡಿಗಳಲ್ಲಿ ಇದ್ದು ಪಕ್ಕದ ನಕ್ಷತ್ರ ಉಬ್ಬಿದಾಗ ಅದರ ಮೈಯಿಂದ ಅನಿಲ ಎಳ್ಕೊಂಡಿರಬೇಕು ಅಂತ. ಹೊಸ ಇಂಧನ ಸಿಕ್ತು, ತೂಕ ಏರಿತು, ನೀಲಿ ಆಯ್ತು. 1976ರಲ್ಲಿ ಹಿಲ್ಸ್ ಮತ್ತು ಡೇ ಇನ್ನೊಂದು ದಾರಿ ಹೇಳಿದ್ರು, ದಟ್ಟ ಗುಚ್ಛದಲ್ಲಿ ಎರಡು ನಕ್ಷತ್ರ ಢಿಕ್ಕಿ ಹೊಡೆದು ಒಂದಾಗೋದು.

ಯಾವುದು ಸರಿ? ಎನ್‌ಜಿಸಿ 188ರಲ್ಲಿ ವರ್ಷಗಟ್ಟಲೆ ವೇಗ ಅಳೆದು ಮಾಥ್ಯೂ ಮತ್ತು ಗೆಲ್ಲರ್ 2009ರಲ್ಲಿ ಹೇಳಿದ್ದು ಹೀಗೆ: ಅಲ್ಲಿನ 21 ಬ್ಲೂ ಸ್ಟ್ರಾಗ್ಲರ್‌ಗಳಲ್ಲಿ 16 ಜೋಡಿಗಳಲ್ಲಿವೆ, ಹೆಚ್ಚಿನವುಗಳ ಸುತ್ತು ಸಾವಿರ ದಿನದ ಆಸುಪಾಸು. ಜೊತೆಗಾರರ ತೂಕ ಸೂರ್ಯನ ಅರ್ಧದ ಹತ್ತಿರ ಅಂತ 2011ರಲ್ಲಿ ತೋರಿಸಿದ್ರು, ಅದು ಶ್ವೇತ ಕುಬ್ಜದ ಮಾಮೂಲಿ ತೂಕ. ಅನಿಲ ಕೊಟ್ಟು ಬರಿದಾದ ನಕ್ಷತ್ರದ ತಿರುಳು ಅಲ್ಲೇ ಪಕ್ಕದಲ್ಲಿ ಸುತ್ತುತ್ತಿದೆ ಅಂತ ಅರ್ಥ. ಆದ್ರೆ ಆ ಕುಬ್ಜವನ್ನ ನೇರವಾಗಿ ನೋಡೋದು ಹೇಗೆ? ಬ್ಲೂ ಸ್ಟ್ರಾಗ್ಲರ್‌ನ ಬೆಳಕಿನಲ್ಲಿ ಅದು ಮುಳುಗಿ ಹೋಗಿರುತ್ತೆ. ಆದ್ರೆ ಹೊಸ ಶ್ವೇತ ಕುಬ್ಜ ಬಹಳ ಬಿಸಿ, ನೇರಳಾತೀತ ಬೆಳಕಿನಲ್ಲಿ ಅದೇ ಮೇಲುಗೈ. ನೇರಳಾತೀತವನ್ನ ಭೂಮಿಯ ವಾತಾವರಣ ತಡೆಯೋದ್ರಿಂದ ಮೇಲೆ ಹೋಗಲೇಬೇಕು.

ಇಲ್ಲಿ ಬೆಂಗಳೂರು ಬರುತ್ತೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಯುವಿಐಟಿ ಅನ್ನೋ ನೇರಳಾತೀತ ದೂರದರ್ಶಕ ಇದೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾಗಿದ್ದು, ಜೋಡಣೆ ಆಗಿದ್ದು ಹೊಸಕೋಟೆಯ ಕ್ಯಾಂಪಸ್‌ನಲ್ಲಿ. ಅದು ಕಣ್ಣು ಬಿಟ್ಟು ಮೊದಲು ನೋಡಿದ ಗುರಿಯೇ ಎನ್‌ಜಿಸಿ 188. ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಅವರ ಜೊತೆಗಾರರು 2016ರಲ್ಲಿ ಅಲ್ಲಿನ ಒಂದು ಬ್ಲೂ ಸ್ಟ್ರಾಗ್ಲರ್ ಪಕ್ಕ ಸುಮಾರು 17,000 ಡಿಗ್ರಿ ಬಿಸಿಯ ಜೊತೆಗಾರನನ್ನ ತೋರಿಸಿದ್ರು. 2019ರಲ್ಲಿ ಎಂ67ರ ಇನ್ನೊಂದು ಬ್ಲೂ ಸ್ಟ್ರಾಗ್ಲರ್ ಪಕ್ಕ ಸಿಕ್ಕಿದ್ದು ಇನ್ನೂ ಕುತೂಹಲದ್ದು, ಸೂರ್ಯನ 0.18ರಷ್ಟೇ ತೂಕದ ಶ್ವೇತ ಕುಬ್ಜ, ಸುತ್ತು 4.2 ದಿನ. ಈ ತೂಕ ಯಾಕೆ ಮುಖ್ಯ ಅಂದ್ರೆ, ಒಂಟಿ ನಕ್ಷತ್ರವೊಂದು ತನ್ನಷ್ಟಕ್ಕೆ ತಾನು ಬದುಕಿ ಸತ್ತು ಇಷ್ಟು ಹಗುರ ಕುಬ್ಜ ಆಗೋಕೆ ವಿಶ್ವದ ಇಡೀ ವಯಸ್ಸೂ ಸಾಕಾಗಲ್ಲ. ಯಾರೋ ಅದರ ಹೊರಮೈಯನ್ನ ಅರ್ಧದಾರೀಲೇ ಕಿತ್ಕೊಂಡಿರಬೇಕು, ಕಿತ್ಕೊಂಡವರು ಪಕ್ಕದಲ್ಲೇ ನೀಲಿಯಾಗಿ ಹೊಳೀತಿದ್ದಾರೆ. ಮೆಕ್‌ಕ್ರೇ ಹೇಳಿದ್ದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? ಹಾಗಂತ ಢಿಕ್ಕಿ ಪೂರ್ತಿ ಸುಳ್ಳು ಅಂತಲ್ಲ, ದಟ್ಟ ಗೋಳ ಗುಚ್ಛಗಳ ನಡುಮಧ್ಯೆ ಅದಕ್ಕೂ ಜಾಗ ಇದೆ.

ಆ ನಡುಮಧ್ಯೆಯ ವಿಷಯಕ್ಕೇ ಈಗ ಬರೋಣ. ಸೂರ್ಯನ ಸುತ್ತ ಹತ್ತು ಘನ ಪಾರ್ಸೆಕ್ ಜಾಗದಲ್ಲಿ ಸರಾಸರಿ ಒಂದು ನಕ್ಷತ್ರ ಇದೆ, ದಟ್ಟ ಗೋಳ ಗುಚ್ಛದ ಕೇಂದ್ರದಲ್ಲಿ ಒಂದೇ ಘನ ಪಾರ್ಸೆಕ್‌ಗೆ ಲಕ್ಷ ಮೀರುತ್ತೆ. ಇಲ್ಲಿ ಗುರುತ್ವದ ಒಂದು ವಿಚಿತ್ರ ಗುಣ ಕೆಲಸ ಮಾಡುತ್ತೆ. ಕೇಂದ್ರದ ನಕ್ಷತ್ರಗಳು ತಮ್ಮ ಶಕ್ತಿಯನ್ನ ಹೊರಗಿನವುಗಳಿಗೆ ಕೊಟ್ಟಷ್ಟೂ ತಾವು ಒಳಕ್ಕೆ ಕುಸಿದು ಇನ್ನೂ ವೇಗವಾಗಿ ಓಡ್ತವೆ, ವೇಗ ಏರಿದಷ್ಟೂ ಇನ್ನೂ ಹೆಚ್ಚು ಶಕ್ತಿ ಹೊರಗೆ ಹೋಗುತ್ತೆ, ಮತ್ತೆ ಕುಸಿತ. ಇದಕ್ಕೆ ಕೊನೆಯೇ ಇಲ್ಲ ಅಂತ 1960ರ ದಶಕದಲ್ಲಿ ಆಂಟೊನೋವ್, ಲಿಂಡನ್-ಬೆಲ್ ಮುಂತಾದವರು ತೋರಿಸಿದ್ರು. ಹಾಗಿದ್ರೆ ಸಾವಿರ ಕೋಟಿ ವರ್ಷ ದಾಟಿದ ಗುಚ್ಛಗಳು ಇನ್ನೂ ಹೇಗೆ ನಿಂತಿವೆ? ಒಳಗಿಂದ ಯಾವುದೋ ಶಕ್ತಿ ಬರ್ತಾ ಇರಬೇಕು. ಆ ಶಕ್ತಿಯ ಖಜಾನೆ ಜೋಡಿಗಳು.

ಒಂದು ಬಿಗಿ ಜೋಡಿ ಹತ್ತಿರ ಮೂರನೇ ನಕ್ಷತ್ರ ಬಂದ್ರೆ ಮೂರೂ ಸ್ವಲ್ಪ ಹೊತ್ತು ಗೋಜಲಾಗಿ ಸುತ್ತಾಡಿ, ಕೊನೆಗೆ ಸಾಮಾನ್ಯವಾಗಿ ಹಗುರವಾದದ್ದು ಹೊರಗೆ ಚಿಮ್ಮುತ್ತೆ, ಉಳಿದ ಎರಡು ಮೊದಲಿಗಿಂತ ಹತ್ತಿರ ಸರಿದು ಬಿಗಿ ಆಗ್ತವೆ. ಚಿಮ್ಮಿದ್ದರ ವೇಗಕ್ಕೆ ಬೇಕಾದ ಶಕ್ತಿ ಬಂದಿದ್ದು ಆ ಹತ್ತಿರ ಸರಿದದ್ದರಿಂದ. ಸಡಿಲ ಜೋಡಿಯಾದ್ರೆ ಉಲ್ಟಾ, ಮೂರನೇದು ಬಂದು ಅದನ್ನ ಇನ್ನೂ ಸಡಿಲ ಮಾಡಿ ಕೊನೆಗೆ ಬಿಡಿಸಿಬಿಡುತ್ತೆ. ಬಿಗಿ ಇರೋದು ಇನ್ನೂ ಬಿಗಿ, ಸಡಿಲ ಇರೋದು ಇನ್ನೂ ಸಡಿಲ, ಈ ನಿಯಮವನ್ನ 1975ರಲ್ಲಿ ಡಗ್ಲಸ್ ಹೆಗ್ಗಿ ಗಣಿತದಲ್ಲಿ ಕಟ್ಟಿಕೊಟ್ರು. ಗೋಳ ಗುಚ್ಛಗಳಲ್ಲಿ ಜೋಡಿಗಳು ಕಮ್ಮಿ ಅಂದಿದ್ದೆನಲ್ಲ, ಒಂದು ದೊಡ್ಡ ಕಾರಣ ಇದು, ಸಡಿಲ ಜೋಡಿಗಳೆಲ್ಲ ಒಡೆದು ಹೋಗಿವೆ. ಲಕ್ಷ ನಕ್ಷತ್ರಗಳ ಗುಚ್ಛದಲ್ಲಿ ಕೆಲವೇ ನೂರು ಬಿಗಿ ಜೋಡಿಗಳಲ್ಲಿ ಕಟ್ಟಿಟ್ಟ ಶಕ್ತಿ ಉಳಿದೆಲ್ಲ ನಕ್ಷತ್ರಗಳ ಓಡಾಟದ ಶಕ್ತಿಗೆ ಸಮ ಆಗಬಲ್ಲದು. ಆದ್ರೂ 1979ರಲ್ಲಿ ಗನ್ ಮತ್ತು ಗ್ರಿಫಿನ್ ಎಂ3ರಲ್ಲಿ ವೇಗ ಅಳೆದು ಹುಡುಕಿದಾಗ ಒಂದು ಜೋಡಿಯೂ ಖಚಿತವಾಗಿ ಸಿಗಲಿಲ್ಲ, ಗೋಳ ಗುಚ್ಛಗಳಲ್ಲಿ ಹುಟ್ಟುವಾಗಲೇ ಜೋಡಿ ಇರಲಿಲ್ಲವೇನೋ ಅಂತ ಕೆಲವು ವರ್ಷ ಬಹಳ ಜನ ನಂಬಿದ್ರು. ಅಳತೆ ಸುಧಾರಿಸಿದ ಮೇಲೆ 80ರ ದಶಕದ ಕೊನೆ ಹೊತ್ತಿಗೆ ಅವು ಸಿಗೋಕೆ ಶುರುವಾದ್ವು.

ಈ ಗೋಜಲಿನ ಕುರುಹು ಎಕ್ಸ್-ರೇನಲ್ಲಿ ಮೊದಲೇ ಸಿಕ್ಕಿತ್ತು. 70ರ ದಶಕದಲ್ಲೇ, ನ್ಯೂಟ್ರಾನ್ ಸ್ಟಾರ್ (ದೊಡ್ಡ ನಕ್ಷತ್ರ ಸತ್ತ ಮೇಲೆ ಉಳಿಯೋ ಅತಿ ದಟ್ಟ ತಿರುಳು) ಪಕ್ಕದ ನಕ್ಷತ್ರದಿಂದ ಅನಿಲ ಎಳೆಯೋ ಎಕ್ಸ್-ರೇ ಜೋಡಿಗಳು ಗೋಳ ಗುಚ್ಛಗಳಲ್ಲಿ ನಕ್ಷತ್ರ ಲೆಕ್ಕಕ್ಕೆ ಹೋಲಿಸಿದ್ರೆ ಉಳಿದ ಗ್ಯಾಲಕ್ಸಿಗಿಂತ ಸುಮಾರು ನೂರು ಪಟ್ಟು ಜಾಸ್ತಿ ಅಂತ ಗೊತ್ತಾಗಿತ್ತು. ಅನಿಲ ತಿಂದು ವೇಗವಾಗಿ ಗಿರಗಿರ ತಿರುಗೋ ಪಲ್ಸಾರ್‌ಗಳು, ಅಂದ್ರೆ ತಿರುಗ್ತಾ ರೇಡಿಯೊ ಮಿಡಿತ ಕಳಿಸೋ ನ್ಯೂಟ್ರಾನ್ ಸ್ಟಾರ್‌ಗಳು, ಆಮೇಲೆ ಸಿಕ್ಕಿದ್ವು, 47 ಟುಕಾನೆ ಅನ್ನೋ ಗೋಳ ಗುಚ್ಛ ಒಂದರಲ್ಲೇ 40ಕ್ಕೂ ಹೆಚ್ಚು. ನಮ್ಮ ಪಕ್ಕದ ರಾಜ್ಯದಲ್ಲಿ ನಾರಾಯಣಗಾಂವ್ ಹತ್ತಿರ ಇರೋ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಿಂದ 2004ರಲ್ಲಿ ಎನ್‌ಜಿಸಿ 1851 ಅನ್ನೋ ಗೋಳ ಗುಚ್ಛದಲ್ಲಿ ಒಂದು ಪಲ್ಸಾರ್ ಸಿಕ್ತು, 5 ಮಿಲಿಸೆಕೆಂಡಿಗೆ ಒಂದು ಸುತ್ತು ತಿರುಗುತ್ತೆ, ಜೊತೆಗಾರನ ಸುತ್ತ 18.8 ದಿನ. ಆದ್ರೆ ಅದರ ಕಕ್ಷೆ ಎಳೆದು ಹಿಗ್ಗಿಸಿದ ಮೊಟ್ಟೆಯಾಕಾರ, ಉತ್ಕೇಂದ್ರತೆ 0.888 (ಪೂರ್ತಿ ದುಂಡಗಿದ್ರೆ ಇದು ಸೊನ್ನೆ). ಅನಿಲ ಎಳ್ಕೊಳ್ಳೋ ಕಾಲದಲ್ಲಿ ಕಕ್ಷೆ ದುಂಡಗಾಗಿಬಿಡುತ್ತೆ, ಹೀಗೆ ಇರೋ ಹಾಗೇ ಇಲ್ಲ. ಅಂದ್ರೆ ಇದನ್ನ ತಿರುಗಿಸಿ ಬೆಳೆಸಿದ ಹಳೇ ಜೊತೆಗಾರ ಈಗ ಇಲ್ಲ, ಯಾವುದೋ ಮೂರನೇದು ಒಳಗೆ ನುಗ್ಗಿ ಅದನ್ನ ಹೊರಗೆ ಹಾಕಿ ಜಾಗ ಹಿಡಿದಿರಬೇಕು ಅನ್ನೋದೇ ಒಪ್ಪೋ ವಿವರಣೆ.

2018ರಲ್ಲಿ ಎನ್‌ಜಿಸಿ 3201ರಲ್ಲಿ ಇನ್ನೂ ದೊಡ್ಡದು ಸಿಕ್ತು. ಚಿಲಿಯ ವಿಎಲ್‌ಟಿ ದೂರದರ್ಶಕದ ಮ್ಯೂಸ್ ಉಪಕರಣ ಒಂದೇ ಸಲಕ್ಕೆ ಸಾವಿರಾರು ನಕ್ಷತ್ರಗಳ ಸ್ಪೆಕ್ಟ್ರಮ್ ತೆಗೆಯುತ್ತೆ, ಅದರಲ್ಲಿ ಒಂದು ಸಾಧಾರಣ ನಕ್ಷತ್ರ, ಸೂರ್ಯನ 0.8 ಪಟ್ಟು ತೂಕ, 167 ದಿನಕ್ಕೊಮ್ಮೆ ಹಿಂದೆ ಮುಂದೆ ಜೋರಾಗಿ ಓಲಾಡ್ತಿತ್ತು, ಪಕ್ಕದಲ್ಲಿ ಏನೂ ಕಾಣ್ತಿರಲಿಲ್ಲ. ಲೆಕ್ಕ ಹಾಕಿದ್ರೆ ಕಾಣದ ಆ ಜೊತೆಗಾರ ಕನಿಷ್ಠ 4.36 ಸೂರ್ಯರ ತೂಕ, ಬ್ಲ್ಯಾಕ್ ಹೋಲ್ ಬಿಟ್ರೆ ಬೇರೇನೂ ಆಗೋಕೆ ಸಾಧ್ಯ ಇಲ್ಲ. ಎಕ್ಸ್-ರೇ ಇಲ್ಲ, ರೇಡಿಯೊ ಇಲ್ಲ, ಜೋಡಿಯ ಕಕ್ಷೆ ಒಂದೇ ಸುಳಿವು. ಅಲ್ಲಿವರೆಗೆ ಬಹಳ ಜನ ಗೋಳ ಗುಚ್ಛದ ಬ್ಲ್ಯಾಕ್ ಹೋಲ್‌ಗಳೆಲ್ಲ ಪರಸ್ಪರ ತಳ್ಳಾಡಿ ಯಾವತ್ತೋ ಹೊರಗೆ ಬಿದ್ದಿರ್ತವೆ ಅಂತ ಅಂದ್ಕೊಂಡಿದ್ರು.

ಹಾಗೆ ಹೊರಗೆ ಬೀಳೋ ಮುಂಚೆ ಅವು ತಮ್ಮತಮ್ಮಲ್ಲೇ ಜೋಡಿ ಕಟ್ಟಿ ಬಿಗಿಯಾಗ್ತಾ ಹೋದ್ರೆ ಕೊನೆಗೆ ಒಂದರೊಳಗೊಂದು ಬಿದ್ದು ಗುರುತ್ವದ ಅಲೆ ಎಬ್ಬಿಸ್ತವೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಅನ್ನೋ ಗುರುತ್ವದ ಅಲೆ ಪತ್ತೆ ಮಾಡೋ ಉಪಕರಣ ಮೊದಲ ಸಲ ಹಿಡಿದ ಅಲೆ ಸೂರ್ಯನ 30 ಪಟ್ಟಿನ ಆಸುಪಾಸು ತೂಕದ ಎರಡು ಬ್ಲ್ಯಾಕ್ ಹೋಲ್‌ಗಳದ್ದು. ಅವು ಒಟ್ಟಿಗೇ ಹುಟ್ಟಿದ ಜೋಡಿಯೋ, ಗುಚ್ಛದೊಳಗೆ ಕೈ ಬದಲಾಗ್ತಾ ಕೂಡಿದ ಜೋಡಿಯೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಒಟ್ಟಿಗೇ ಹುಟ್ಟಿದ್ರೆ ಎರಡೂ ತಮ್ಮ ಅಕ್ಷದ ಮೇಲೆ ತಿರುಗೋ ದಿಕ್ಕು ಕಕ್ಷೆಯ ದಿಕ್ಕಿಗೆ ಹೊಂದಿಕೊಂಡಿರಬೇಕು, ಗುಚ್ಛದಲ್ಲಿ ಕೂಡಿದ್ದಾದ್ರೆ ಆ ದಿಕ್ಕುಗಳು ಅಡ್ಡಾದಿಡ್ಡಿ ಇರಬೇಕು. ಈಗ ಲೈಗೋ ಮತ್ತು ಯುರೋಪಿನ ವರ್ಗೋ ಹಿಡೀತಿರೋ ಪ್ರತಿ ಅಲೆಯಲ್ಲೂ ವಿಜ್ಞಾನಿಗಳು ಹುಡುಕ್ತಿರೋ ಸುಳಿವುಗಳಲ್ಲಿ ಆ ತಿರುಗೋ ದಿಕ್ಕೂ ಒಂದು, ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಕಟ್ಟೋಕೆ 2023ರಲ್ಲಿ ಒಪ್ಪಿಗೆ ಸಿಕ್ಕಿರೋ ಲೈಗೋ-ಇಂಡಿಯಾ ಕೂಡ ಮುಂದೆ ಅದೇ ಹುಡುಕಾಟಕ್ಕೆ ಸೇರ್ಕೊಳ್ಳುತ್ತೆ.